ನೀವು ರಿಬ್ಬನ್ ಕತ್ತರಿಸಿದ ಕತ್ತರಿಯ ಬಗ್ಗೆ

ಮಾನ್ಯ ಕೈಗಾರಿಕಾ ಕಾರ್ಯದರ್ಶಿಗಳೇ,

ನಿಮ್ಮ ಇಲಾಖೆ ಹೊರತಂದಿರುವ ‘ಬೆಳವಣಿಗೆಯ ಮೂರು ವರ್ಷ’ ಎಂಬ ಕಿರುಹೊತ್ತಿಗೆಯ ಹದಿನಾಲ್ಕನೆಯ ಪುಟದಲ್ಲಿ, ನೀಲಿ ಚೌಕದೊಳಗೆ, ದಪ್ಪ ಅಕ್ಷರದಲ್ಲಿ ಒಂದು ವಾಕ್ಯವಿದೆ. ಇಂಗ್ಲಿಷಿನಲ್ಲಿದೆ, ನನಗೆ ಬಂದಷ್ಟು ಮಟ್ಟಿಗೆ ಇಲ್ಲಿ ಬರೆಯುತ್ತೇನೆ: “ಹಳೆಯ ಕೈಕೆಲಸದ ನಿಧಾನಕ್ಕೆ ಅಂಟಿಕೊಂಡ ಕಾರ್ಮಿಕರು ದೇಶದ ಬೆಳವಣಿಗೆಯ ಕಾಲಿಗೆ ಕಟ್ಟಿದ ಕಲ್ಲು.” ಕೆಳಗೆ ಸಣ್ಣದಾಗಿ, ‘ಪ್ರಥಮ ಬಹುಮಾನಿತ ವಿದ್ಯಾರ್ಥಿ ಪ್ರಬಂಧದಿಂದ’ ಎಂದಿದೆ. ಆ ವಿದ್ಯಾರ್ಥಿ ನಾನು. ಆ ವಾಕ್ಯ ತಪ್ಪು. ತಿಳಿಯದೆ ಬರೆದ ತಪ್ಪೂ ಅಲ್ಲ, ಕೇಳದೆ ಬರೆದ ತಪ್ಪು. ದಯವಿಟ್ಟು ಅದನ್ನು ತೆಗೆಯಿರಿ ಎಂದು ಮೂರು ಸಲ ಇಲಾಖೆಗೆ ಇಮೇಲ್ ಕಳಿಸಿದೆ. ಮೂರು ಸಲವೂ ‘ನಿಮ್ಮ ಆಸಕ್ತಿಗೆ ಧನ್ಯವಾದಗಳು’ ಎಂಬ ಉತ್ತರ ಬಂತು. ಆಸಕ್ತಿಯಲ್ಲ ಸ್ವಾಮಿ, ನಾಚಿಕೆ. ಅದಕ್ಕೆ ಪ್ರತ್ಯೇಕ ಇಮೇಲ್ ವಿಳಾಸ ಇಲ್ಲವಾದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಅರ್ಥಶಾಸ್ತ್ರ ಮೊದಲ ವರ್ಷದ ವಿದ್ಯಾರ್ಥಿನಿ. ಐದನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವಳು. ಹಾಗಾಗಿ ನನ್ನ ಇಂಗ್ಲಿಷೂ ಅರ್ಧ, ನಮ್ಮ ಭಾಷೆಯೂ ಅರ್ಧ. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ವಾರ್ಡನ್ ಓದಿದರೆ ಏನಾಗುತ್ತದೋ, ಸ್ಕಾಲರ್‌ಶಿಪ್ ಉಳಿಯುತ್ತದೋ ಇಲ್ಲವೋ ಎಂಬ ಭಯವಿದೆ. ಆದರೂ ಇದನ್ನು ಇಂಗ್ಲಿಷಿನಲ್ಲಿ ಬರೆಯುವುದಿಲ್ಲ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ನನ್ನ ಪ್ರಬಂಧದಲ್ಲಿದ್ದದ್ದು ನಮ್ಮೂರಿನ ಕತ್ತರಿ ಕಾರ್ಖಾನೆಯ ಕಥೆ. ಅದನ್ನು ಆರಿಸಿಕೊಂಡದ್ದು ಅಮ್ಮ ಅಲ್ಲಿ ಕೆಲಸ ಮಾಡುತ್ತಾಳೆ ಎಂಬ ಕಾರಣಕ್ಕೆ. ಆದರೆ ಅಮ್ಮನನ್ನು ಒಂದು ಮಾತೂ ಕೇಳಲಿಲ್ಲ. ಅಂಕಿ ಅಂಶಗಳನ್ನು ಮ್ಯಾನೇಜರ್ ಕೊಟ್ಟರು: ಮೂರು ವರ್ಷದ ಹಿಂದೆ ನಲವತ್ತು ಜನ, ಈಗ ನೂರ ಅರವತ್ತು, ಉತ್ಪಾದನೆ ಇಪ್ಪತ್ತು ಪಟ್ಟು. ನಾನು ಗ್ರಾಫ್ ಹಾಕಿದೆ. ಗೆರೆ ಎಷ್ಟು ಚೆನ್ನಾಗಿ ಮೇಲಕ್ಕೆ ಹೋಯಿತೆಂದರೆ ಅದರ ಕೆಳಗೆ ಏನು ಬರೆದರೂ ನಿಜವೆಂದು ಕಾಣುತ್ತಿತ್ತು. ಪ್ರಬಂಧದ ಕೊನೆಗೆ ಒಂದು ಜೋರಾದ ವಾಕ್ಯ ಬೇಕು ಎಂದು ನಮಗೆ ಕಲಿಸಿದ್ದಾರೆ. ಆ ಕಲ್ಲಿನ ವಾಕ್ಯ ಹುಟ್ಟಿದ್ದು ಹಾಗೆ. ಯಾರ ಕಾಲು, ಯಾವ ಕಲ್ಲು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಕಾರ್ಖಾನೆಯ ಹೊಸ ಶೆಡ್ಡಿನ ಉದ್ಘಾಟನೆಯ ದಿನ ನನಗೆ ಬಹುಮಾನ ಕೊಟ್ಟವರು ನೀವೇ. ನಿಮಗೆ ನೆನಪಿರಲಾರದು. ನೀವು ನಗುತ್ತಾ, ನಿಮ್ಮ ತಾಯಿ ಇಲ್ಲೇ ಕೆಲಸ ಮಾಡುತ್ತಾರಂತಲ್ಲ, ಏನು ಕೆಲಸ ಎಂದು ಕೇಳಿದಿರಿ. ಅಮ್ಮ ಮೂರನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ನೀಲಿ ಕೋಟು ಹಾಕಿಕೊಂಡು, ಚಪ್ಪಾಳೆಗೆ ಸಿದ್ಧವಾಗಿ ಕೂತಿದ್ದಳು. ನಾನು, “ಸೂಪರ್‌ವೈಸರ್, ಸರ್” ಎಂದೆ. ಹಾಸ್ಟೆಲಿನಲ್ಲಿ ಎಂಟು ವರ್ಷದಿಂದ ಹೇಳಿಕೊಂಡು ಬಂದ ಸುಳ್ಳು ಅದು. ಬಾಯಿಗೆ ತಾನಾಗಿಯೇ ಬಂತು. ಆಮೇಲೆ ನೀವು ಕಾರ್ಖಾನೆಯ ಕತ್ತರಿಯಿಂದಲೇ ರಿಬ್ಬನ್ ಕತ್ತರಿಸಿದಿರಿ. ಸರ್ರನೆ ಒಂದೇ ಎಳೆತಕ್ಕೆ ತುಂಡಾಯಿತು. ಕತ್ತರಿಯನ್ನು ಮೇಲೆತ್ತಿ ತೋರಿಸಿ, ಸರಿಯಾದ ನೀತಿ ಇದ್ದರೆ ಸರಿಯಾದ ಅಲಗು ತಾನಾಗಿಯೇ ಹುಟ್ಟುತ್ತದೆ ಎಂದಿರಿ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು.

ಆ ಕತ್ತರಿಯ ವಿಷಯಕ್ಕೆ ಬರುವ ಮುಂಚೆ ಅಮ್ಮನ ಕೆಲಸ ಏನೆಂದು ಹೇಳಬೇಕು. ನನಗೂ ಗೊತ್ತಾದದ್ದು ಕಳೆದ ರಜೆಯಲ್ಲಿ, ಊಟದ ಡಬ್ಬಿ ಕೊಡಲು ಒಳಗೆ ಹೋದಾಗ. ಹದಿನೆಂಟು ವರ್ಷ ಅವಳ ಮಗಳಾಗಿದ್ದು ಮೊದಲ ಸಲ ಅವಳ ಬೆಂಚಿನ ಹತ್ತಿರ ನಿಂತೆ. ಕತ್ತರಿ ಅಂದರೆ ಎರಡು ಅಲಗು, ಒಂದು ತಿರುಪು ಎಂದು ನಾನೂ ನೀವೂ ತಿಳಿದಿದ್ದೇವೆ. ಅಷ್ಟೇ ಆದರೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಮಡಚುತ್ತದೆ. ಅಲಗು ನೋಡಲು ನೆಟ್ಟಗಿದ್ದರೂ ಒಳಗೆ ಕೂದಲೆಳೆಯಷ್ಟು ಬಾಗಿರಬೇಕು. ಮುಚ್ಚುವಾಗ ಎರಡೂ ಒಂದೇ ಒಂದು ಬಿಂದುವಿನಲ್ಲಿ ತಾಗುತ್ತಾ, ಆ ಬಿಂದು ಬುಡದಿಂದ ತುದಿಯವರೆಗೆ ಜಾರಿಕೊಂಡು ಹೋಗಬೇಕು. ಮುಚ್ಚಿದ ಕತ್ತರಿಯನ್ನು ಕಿಟಕಿಗೆ ಹಿಡಿದರೆ ನಡುವೆ ಬೆಳಕಿನ ಗೆರೆ ಕಾಣಬೇಕು. ಆ ಬಾಗು ಕೊಡುವುದು ಸಣ್ಣ ಸುತ್ತಿಗೆಯ ಏಳೆಂಟು ಏಟು. ಎಲ್ಲಿ, ಎಷ್ಟು ಎಂದು ಯಾವ ಪುಸ್ತಕದಲ್ಲೂ ಇಲ್ಲ. ಅಮ್ಮ ಕತ್ತರಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಮುಚ್ಚುತ್ತಾಳೆ, ಕೇಳುತ್ತಾಳೆ, ಒಂದು ಏಟು ಹಾಕುತ್ತಾಳೆ. ಇದಕ್ಕೆ ಅವರು ಬಾಯಿ ಕೂಡಿಸುವುದು ಎನ್ನುತ್ತಾರೆ. ಕಲಿಯಲು ಅವಳಿಗೆ ಆರು ವರ್ಷ ಹಿಡಿಯಿತು. ನನ್ನ ಡಿಗ್ರಿಗೆ ಮೂರು ಸಾಕು.

ಈಗ ನಿಮ್ಮ ನೀತಿಗೆ ಬರೋಣ. ಹೊರಗಿನಿಂದ ಬರುವ ಪೂರ್ತಿ ಕತ್ತರಿಗೆ ಭಾರಿ ಸುಂಕ ಹಾಕಿದಿರಿ. ನಮ್ಮವರು ಕತ್ತರಿ ಮಾಡಲಿ ಎಂದು. ಒಳ್ಳೆಯದು. ಉಕ್ಕಿನ ಗಿರಣಿಗಳನ್ನು ಕಾಪಾಡಲು ಉಕ್ಕಿನ ಪಟ್ಟಿಗೂ ಸುಂಕ ಹಾಕಿದಿರಿ. ಅದೂ ಇರಲಿ. ಬಿಡಿಭಾಗಗಳಿಗೆ ಮಾತ್ರ ಬಾಗಿಲು ತೆರೆದಿಟ್ಟಿರಿ. ಅದರ ಮೇಲೆ, ದೇಶದೊಳಗೆ ‘ಅಂತಿಮ ಜೋಡಣೆ’ಯಾದ ಪ್ರತಿ ಕತ್ತರಿಗೂ ಪ್ರೋತ್ಸಾಹಧನ ಕೊಟ್ಟಿರಿ. ನಮ್ಮ ಕಾರ್ಖಾನೆಯ ಯಜಮಾನರು ಕೆಟ್ಟವರಲ್ಲ, ಬುದ್ಧಿವಂತರು. ನಿಮ್ಮ ಆದೇಶವನ್ನು ನೀವು ಬರೆದದ್ದಕ್ಕಿಂತ ಹೆಚ್ಚು ಗಮನವಿಟ್ಟು ಓದಿದರು. ದುಬಾರಿ ಉಕ್ಕು ತಂದು ಕುಲುಮೆ ಉರಿಸಿ ಅಲಗು ಬಡಿಯುವುದೇಕೆ? ಹೊರದೇಶದಲ್ಲಿ ಯಂತ್ರ ಒತ್ತಿ ತೆಗೆದ ಚಪ್ಪಟೆ ಅಲಗುಗಳು ಒಂದು ಪೆಟ್ಟಿಗೆಯಲ್ಲಿ ಬಂದವು, ತಿರುಪುಗಳು ಇನ್ನೊಂದರಲ್ಲಿ. ಕುಲುಮೆ ಆರಿತು. ಸಾಣೆ ಹಿಡಿಯುವವರು ತಿರುಪಿನ ಮೇಜಿಗೆ ಬಂದರು. ನೂರ ಇಪ್ಪತ್ತು ಹೊಸಬರು ಸೇರಿ ದಿನವಿಡೀ ತಿರುಪು ಬಿಗಿಯತೊಡಗಿದರು. ನನ್ನ ಗ್ರಾಫಿನ ಗೆರೆ ಮೇಲೇರಿದ್ದು ಹೀಗೆ. ಅಂಕಿಗಳು ಸುಳ್ಳಲ್ಲ ಸ್ವಾಮಿ. ಸುಳ್ಳು ಇದ್ದದ್ದು ಅಂಕಿಗಳ ಪಕ್ಕದಲ್ಲಿ ನಾನು ಬರೆದ ‘ತಯಾರಿಕೆ’ ಎಂಬ ಪದದಲ್ಲಿ.

ಅಮ್ಮನನ್ನೂ ತಿರುಪಿನ ಮೇಜಿಗೆ ಹಾಕಿದ್ದರು. ಅಲ್ಲಿ ಅವಳು ಮಾಡಬಾರದ ತಪ್ಪು ಮಾಡಿದಳು: ತಿರುಪು ಹಾಕಿದ ಮೇಲೆ ಕಿವಿಗೆ ಹಿಡಿದು ಕೇಳಿದಳು. ಸರಿಯಿಲ್ಲ ಅನ್ನಿಸಿತು. ಕೋಟಿನ ಜೇಬಿನಿಂದ ಸುತ್ತಿಗೆ ತೆಗೆದಳು. ಉಳಿದವರು ದಿನಕ್ಕೆ ಸಾವಿರದ ಇನ್ನೂರು ಮುಗಿಸಿದರೆ ಅವಳದು ಮುನ್ನೂರು ದಾಟುತ್ತಿರಲಿಲ್ಲ. ಮೇಲ್ವಿಚಾರಕನಿಗೆ ಅಲ್ಲಿಯವರು ಗಡಿಯಾರ ಎಂದು ಅಡ್ಡಹೆಸರಿಟ್ಟಿದ್ದಾರೆ. ನಾನು ಡಬ್ಬಿ ಹಿಡಿದು ನಿಂತಿದ್ದಾಗಲೇ ಅವನು ಬಂದು ನಿಂತ.

“ಅಕ್ಕಾ, ಅದು ಕತ್ತರಿಸುತ್ತೋ ಬಿಡುತ್ತೋ ನಿಮಗ್ಯಾಕೆ? ತಿರುಪು ಕೂತಿದೆಯಲ್ಲ, ಪೆಟ್ಟಿಗೆಗೆ ಹಾಕಿ.”

“ಪೆಟ್ಟಿಗೆ ಮೇಲೆ ಕತ್ತರಿ ಅಂತ ಬರೆದಿದೀರಲ್ಲಪ್ಪ,” ಎಂದಳು ಅಮ್ಮ, ತಲೆ ಎತ್ತದೆ. “ಅದನ್ನ ಅಳಿಸಿಬಿಡಿ, ನಾನೂ ಸುಮ್ನಿರ್ತೀನಿ.”

ಸಾಲಿನಲ್ಲಿದ್ದವರು ನಕ್ಕರು. ಗಡಿಯಾರವೂ ಮುಖ ತಿರುಗಿಸಿಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಸಾವಿರದ ಇನ್ನೂರು, ಮುನ್ನೂರು. ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ನಾನು ಪ್ರಬಂಧದಲ್ಲಿ ಕೊಟ್ಟ ಹೆಸರು ನೆನಪಾಗಿತ್ತು: ಕಲ್ಲು.

ಆ ಭಾನುವಾರ ನಮ್ಮ ಮನೆಯ ಮೆಟ್ಟಿಲ ಮೇಲೆ ಐದಾರು ಜನ ಕೂತಿದ್ದರು. ಬೀದಿಯ ದರ್ಜಿ, ಕ್ಷೌರದಂಗಡಿಯವರು, ಶಾಲೆಯ ಕರಕುಶಲದ ಟೀಚರ್. ಎಲ್ಲರ ಕೈಯಲ್ಲೂ ಕತ್ತರಿ, ಎಲ್ಲವೂ ಹೊಚ್ಚ ಹೊಸದು, ಕೆಲವಕ್ಕೆ ಅಂಗಡಿಯ ಚೀಟಿ ಕೂಡ ಕಿತ್ತಿರಲಿಲ್ಲ. ದರ್ಜಿ ತನ್ನದನ್ನು ಮುಂದೆ ಚಾಚಿ, “ತಾಯಿ, ಇದಕ್ಕೆ ಸ್ವಲ್ಪ ಬುದ್ಧಿ ಹೇಳಿ” ಎಂದರು. ಅಮ್ಮ ಹೇಳಿದಳು, ಎಂಟು ಏಟಿನಲ್ಲಿ. ಸರ್ಕಾರದ ಪ್ರೋತ್ಸಾಹಧನ ಪಡೆದು ಮಾರುಕಟ್ಟೆಗೆ ಬಂದ ಹೊಸ ಕತ್ತರಿ ಮೊದಲ ವಾರದಲ್ಲೇ ರಿಪೇರಿಗೆ ಬರುತ್ತದೆ ಎಂಬುದನ್ನು ಯಾವ ಕಿರುಹೊತ್ತಿಗೆಯ ಯಾವ ಪುಟದಲ್ಲಿ ಹಾಕುತ್ತೀರಿ? ಆ ಎಂಟು ಏಟು ನಿಮ್ಮ ಯಾವ ಗ್ರಾಫಿನಲ್ಲಿ ಬರುತ್ತದೆ?

ರಿಬ್ಬನ್ ಕತ್ತರಿಯ ವಿಷಯ ಹೊರಬಿದ್ದದ್ದೂ ಆವತ್ತೇ. ನೀವು ಅದನ್ನು ಎತ್ತಿ ತೋರಿಸಿದ ಫೋಟೋ ಕಿರುಹೊತ್ತಿಗೆಯ ಮುಖಪುಟದಲ್ಲಿದೆ. ನಾನು ಅದನ್ನು ಅಮ್ಮನಿಗೆ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, “ಇದು ನಂದು” ಎಂದಳು. ಹಿಂದಿನ ದಿನ ಯಜಮಾನರು ಹೊಸ ಕತ್ತರಿಯಲ್ಲಿ ರಿಬ್ಬನ್ ಕತ್ತರಿಸಿ ನೋಡಿದರಂತೆ. ಮೂರು ಕತ್ತರಿ ತೆಗೆದರೂ ರಿಬ್ಬನ್ ಅಲಗುಗಳ ನಡುವೆ ಮಡಚಿಕೊಂಡು ಕೂತಿತಂತೆ. ಆಗ ಅಮ್ಮನನ್ನು ಆಫೀಸಿಗೆ ಕರೆಸಿ, ಹಳೆಯ ದಾಸ್ತಾನಿನಲ್ಲಿ ಉಳಿದಿದ್ದ ಕುಲುಮೆಯ ಅಲಗು ಕೊಟ್ಟು, ಇದೊಂದಕ್ಕೆ ಬಾಯಿ ಕೂಡಿಸಿಕೊಡಿ ಎಂದರಂತೆ. “ದೊಡ್ಡವರು ಬಂದು ರಿಬ್ಬನ್ ಜಗ್ಗಾಡ್ತಾ ನಿಂತ್ರೆ ಚೆನ್ನಾಗಿರುತ್ತಾ ಕಣೇ,” ಎಂದು ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಿಮ್ಮ ಮಾನ ಉಳಿಸಿದ ಸಂತೋಷ ಅವಳಿಗೆ. ನಿಮ್ಮ ನೀತಿ ಹುಟ್ಟಿಸಿತು ಎಂದು ನೀವು ತೋರಿಸಿದ ಅಲಗು ನಿಮ್ಮ ನೀತಿ ಮುಚ್ಚಿಸಿದ ಕುಲುಮೆಯದು. ಹೊಸ ಕತ್ತರಿ ಕತ್ತರಿಸುವುದಿಲ್ಲ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು, ವೇದಿಕೆಯ ಮೇಲಿದ್ದ ನಿಮ್ಮನ್ನೂ ನನ್ನನ್ನೂ ಬಿಟ್ಟು.

ಇಲ್ಲಿಯವರೆಗಿನ ನಾಚಿಕೆಯನ್ನು ನಾವಿಬ್ಬರೂ ಹಂಚಿಕೊಳ್ಳಬಹುದು. ಮುಂದಿನದು ನನ್ನೊಬ್ಬಳದು.

ರಜೆ ಮುಗಿಯುವ ಎರಡು ದಿನ ಮೊದಲು ಅಮ್ಮ ಒಂದು ಲಕೋಟೆ ತಂದಳು. “ಇಂಗ್ಲಿಷಲ್ಲಿ ಕೊಟ್ಟಿದಾರೆ ನೋಡೇ. ನೀನಿದೀಯಲ್ಲ ಅಂತ ಅಲ್ಲಿ ಯಾರನ್ನೂ ಕೇಳ್ಲಿಲ್ಲ.” ಬಾಯಿ ಕೂಡಿಸುವ ಹುದ್ದೆಯನ್ನು ರದ್ದುಪಡಿಸಲಾಗಿದೆ, ತಿರುಪಿನ ಮೇಜಿನಲ್ಲಿ ನಿಗದಿತ ಪ್ರಮಾಣ ಮುಟ್ಟದ ಕಾರಣ ಬರುವ ತಿಂಗಳ ಒಂದರಿಂದ ಆಕೆಯ ಸೇವೆ ಅಗತ್ಯವಿಲ್ಲ ಎಂದಿತ್ತು. ಅದರ ಕೆಳಗೆ, ‘ಇಲಾಖೆಯ ಪ್ರಕಟಣೆಯಲ್ಲಿಯೂ ಗಮನಿಸಿರುವಂತೆ’ ಎಂದು ಆರಂಭವಾಗುವ ಒಂದು ಸಾಲು. ಮುಂದಿನದನ್ನು ನಾನು ಓದಬೇಕಾಗಿರಲಿಲ್ಲ. ನನಗೆ ಬಾಯಿಪಾಠ ಬರುತ್ತಿತ್ತು.

ಅಮ್ಮ ಎದುರಿಗೆ ಕಾಯುತ್ತಾ ನಿಂತಿದ್ದಳು. “ಬೆಂಚು ಬದಲಾಯಿಸ್ತಾರಂತೆ ಅಮ್ಮ,” ಎಂದೆ.

“ಅಷ್ಟಕ್ಕೆ ಇಷ್ಟುದ್ದ ಬರೀಬೇಕಾ?”

“ಇಂಗ್ಲಿಷಲ್ಲಿ ಹಾಗೇ ಅಮ್ಮ, ಎಲ್ಲಾ ಉದ್ದ.”

ಸರಿ ಎಂದು ಅವಳು ಲಕೋಟೆಯನ್ನು ಕನ್ನಡಿಯ ಹಿಂದೆ ಸಿಕ್ಕಿಸಿದಳು. ನಾನು ಹಾಸ್ಟೆಲಿಗೆ ವಾಪಸ್ ಬಂದೆ. ಹನ್ನೊಂದು ದಿನವಾಯಿತು. ಪ್ರತಿದಿನ ಫೋನ್ ಮಾಡುತ್ತಾಳೆ; ಯಾವ ಬೆಂಚು ಕೊಡುತ್ತಾರೋ, ಕಿಟಕಿ ಪಕ್ಕ ಕೊಟ್ಟರೆ ಸಾಕು, ಬೆಳಕು ಬೇಕು ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ.

ಮಾನ್ಯರೇ, ನಾನು ಸುಂಕವೇ ಬೇಡ ಎನ್ನುವವಳಲ್ಲ. ಎಳೆಯ ಉದ್ಯಮಕ್ಕೆ ಗಾಳಿ ಮಳೆ ತಾಗದಂತೆ ಮರೆ ಕಟ್ಟಬೇಕು ಎಂದು ನಮ್ಮ ಮೊದಲ ಸೆಮಿಸ್ಟರಿನಲ್ಲೇ ಹೇಳುತ್ತಾರೆ, ನಾನೂ ನಂಬುತ್ತೇನೆ. ಆದರೆ ಮರೆ ಕಟ್ಟುವುದು ಒಳಗಿರುವುದು ಬೆಳೆಯಲಿ ಎಂದಲ್ಲವೇ? ಒಳಗೆ ಏನು ಬೆಳೆಯಿತು ಎಂದು ಬಗ್ಗಿ ನೋಡುವವರು ಯಾರು? ನಿಮ್ಮ ಅಧಿಕಾರಿಗಳು ಪ್ರತಿ ತಿಂಗಳು ಬಂದು ಪೆಟ್ಟಿಗೆ ಎಣಿಸಿದರು. ಒಬ್ಬರಾದರೂ ಪೆಟ್ಟಿಗೆಯಿಂದ ಒಂದು ಕತ್ತರಿ ತೆಗೆದು ಒಂದು ಚೂರು ಬಟ್ಟೆ ಕತ್ತರಿಸಿ ನೋಡಿದ್ದರೆ ಈ ಪತ್ರ ಬೇಕಾಗಿರಲಿಲ್ಲ. ದೇಶದಲ್ಲಿ ಮಾಡಲು ಬಾರದ್ದನ್ನು ಕಲಿಸಲೆಂದು ಹೊರಟ ನೀತಿ, ಬರುತ್ತಿದ್ದದ್ದನ್ನೂ ಮರೆಸಿದರೆ ಅದಕ್ಕೆ ಬೆಳವಣಿಗೆ ಎಂಬ ಹೆಸರನ್ನು ಯಾವ ಧೈರ್ಯದಿಂದ ಇಡುತ್ತೀರಿ? ನಾನು ಇಟ್ಟದ್ದು ಬಹುಮಾನದ ಆಸೆಗೆ. ನಿಮಗೆ ಯಾವ ಆಸೆ?

ಈ ಯೋಜನೆಯನ್ನು ಇನ್ನೂ ಐದು ವರ್ಷ ಮುಂದುವರಿಸುವ ಕಡತ ನಿಮ್ಮ ಮೇಜಿನ ಮೇಲಿದೆಯೆಂದು ಓದಿದೆ. ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಯಾರಿಗೂ ಹೇಳದೆ ಅಂಗಡಿಗೆ ಹೋಗಿ, ನಮ್ಮ ಕಾರ್ಖಾನೆಯ ಮುದ್ರೆಯಿರುವ ಕತ್ತರಿ ಕೊಂಡು, ನಿಮ್ಮ ಕೋಣೆಯಲ್ಲೇ ಒಂದು ರಿಬ್ಬನ್ ಕತ್ತರಿಸಿ. ಅದು ಮಡಚಿಕೊಂಡರೆ ಪ್ರೋತ್ಸಾಹಧನದ ನಿಯಮ ಬದಲಾಯಿಸಿ: ಬಿಗಿದ ತಿರುಪಿಗಲ್ಲ, ಕತ್ತರಿಸುವ ಕತ್ತರಿಗೆ, ಅದನ್ನು ಹಾಗೆ ಮಾಡಬಲ್ಲ ಕೈಗೆ, ಆ ಕೈಯಿಂದ ಕಲಿಯುವವರಿಗೆ. ಹದಿನಾಲ್ಕನೆಯ ಪುಟವನ್ನು ತೆಗೆದುಹಾಕಿ, ಆ ವಾಕ್ಯಕ್ಕೆ ಇಲಾಖೆಯ ಒಪ್ಪಿಗೆ ಇಲ್ಲವೆಂದು ಕಾರ್ಖಾನೆಗೆ ಲಿಖಿತವಾಗಿ ತಿಳಿಸಿ. ತಿಂಗಳು ಮುಗಿಯಲು ಇನ್ನು ಹದಿನೇಳು ದಿನ ಇದೆ. ಬಹುಮಾನದ ಫಲಕವನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಸುತ್ತಿದ ದಾರವನ್ನು ನಮ್ಮ ಕಾರ್ಖಾನೆಯ ಹೊಸ ಕತ್ತರಿಯಿಂದ ಕತ್ತರಿಸಲು ಹೋಗಬೇಡಿ, ಕೈಯಲ್ಲಿ ಬಿಚ್ಚಿ.

ಇದನ್ನು ಇಂಗ್ಲಿಷಿನಲ್ಲಿ ಬರೆಯದ ಕಾರಣ ಹೇಳುತ್ತೇನೆ ಎಂದಿದ್ದೆ. ಪತ್ರಿಕೆ ಅಚ್ಚಾದ ದಿನ ನಾನು ಮೊದಲ ಬಸ್ಸಿಗೆ ಮನೆಗೆ ಹೋಗಿ ಇದನ್ನು ಅಮ್ಮನ ಕೈಗೆ ಕೊಡುತ್ತೇನೆ. ಅವಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾಳೆ. ನಾನು ಎದುರಿಗೆ ನಿಂತಿರುತ್ತೇನೆ. ಈ ಸಲ ಅವಳು ನನ್ನನ್ನು ಅರ್ಥ ಕೇಳಬೇಕಾಗಿಲ್ಲ.

ಇಂತಿ,
ಕತ್ತರಿಗೆ ಬಾಯಿ ಕೂಡಿಸುವವಳ ಮಗಳು
(ಆ ದಿನ ವೇದಿಕೆಯಲ್ಲಿ ನೀವು ಕೇಳಿದಾಗ ಹೇಳಬೇಕಾಗಿದ್ದದ್ದು ಇಷ್ಟೇ)