ಚಾಂದನಿಯ ನೆರಳು

ರಾಯಚೂರು
೧೯–೪–೧೯೭೮

ಪ್ರಾಣಿದಯಾ ಸಂಘದ ವಿಮಲಾಬಾಯಿ ಅಮ್ಮನವರಿಗೆ, ಬಸ್ ಸ್ಟ್ಯಾಂಡಿನ ಟಾಂಗಾ ಮದಾರ್ ಸಾಬನ ಸಲಾಮು.

ಖುಷಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಮಾಫ್ ಮಾಡಬೇಕು. ಟಾಂಗಾ ಕುದುರೆಗಳಿಗೆಂದು ನೀವು ಹಾಕಿಸಿದ ಚಪ್ಪರ ನಿನ್ನೆ ಶುರುವಾಯಿತು. ಮಾನ್ವಿ, ದೇವದುರ್ಗದ ಬಸ್ಸು ಇಳಿದವರೆಲ್ಲ ಮೊದಲು ಅದನ್ನೇ ನೋಡಲು ಓಡಿ ಬರುತ್ತಿದ್ದಾರೆ. ಮೇಲೆ ಈಚಲ ಗರಿ, ಕೆಳಗೆ ಮರಳು, ತೊಟ್ಟಿ ತುಂಬ ನೀರು. ಹನ್ನೆರಡರಿಂದ ಮೂರರವರೆಗೆ ನನ್ನ ಚಾಂದನಿಗೆ ರಜೆ. ಇಪ್ಪತ್ತು ವರ್ಷ ಟಾಂಗಾ ಹೊಡೆದಿದ್ದೇನೆ, ಯಾವ ಕುದುರೆಗೂ ಇಂಥ ಸುಖ ಸಿಕ್ಕಿದ್ದನ್ನು ಕಂಡಿರಲಿಲ್ಲ.

ಒಂದೇ ತೊಡಕು. ಕಾವಲಿನ ಸೂಗಪ್ಪ ನನ್ನನ್ನು ಒಳಗೆ ಬಿಡಲಿಲ್ಲ. "ಇದು ಕುದುರಿಗೆ ಅದ ಮದಾರಣ್ಣ, ನಿನಗಲ್ಲ. ನೀವು ಟಾಂಗಾದವ್ರು ಒಳಗ ಬಂದ್ರ ಅವನ್ನ ಹೊಡೀತೀರಂತ ಅಮ್ಮಾರು ಹೇಳ್ಯಾರ. ಹೊರಗ ಕುಂದ್ರು," ಅಂದ.

ಕುಳಿತೆ. ಬಿಸಿಲು ನನಗೆ ಹೊಸದಲ್ಲ. ಆದರೆ ನಾನು ಸಿಳ್ಳೆ ಹಾಕದೆ ಚಾಂದನಿ ನೀರಿಗೆ ಬಾಯಿ ಇಡುವುದಿಲ್ಲ. ಮರಿಯಿದ್ದಾಗಿನಿಂದ ಅದೇ ರೂಢಿ. ಸೂಗಪ್ಪ ಸಿಳ್ಳೆ ಹಾಕಿ ಹಾಕಿ ತನ್ನ ಬಾಯಿ ಒಣಗಿಸಿಕೊಂಡ. ಕೊನೆಗೆ ನಾನು ಹೊರಗಿನಿಂದಲೇ ಹಾಕಿದೆ. ಅದು ತೊಟ್ಟಿಯ ಕಡೆಗೂ ನೋಡದೆ ಹಗ್ಗ ಕಿತ್ತುಕೊಂಡು ಬಂದು, ಮೂರು ಗಂಟೆಯವರೆಗೆ ನನ್ನ ಪಕ್ಕದಲ್ಲೇ ಬಿಸಿಲಿಗೆ ನಿಂತಿತು.

ನನಗಾಗಿ ಏನೂ ಕೇಳುತ್ತಿಲ್ಲ ಅಮ್ಮ. ಚಾಂದನಿಯ ಹೆಸರಿಗೆ ಒಂದು ಚೀಟಿ ಬರೆದುಕೊಡಿ: ಈ ಕುದುರೆಯ ಜೊತೆಗೆ ಅದರ ಮನುಷ್ಯನನ್ನೂ ಒಳಗೆ ಬಿಡಬೇಕು ಎಂದು.

ಇಂತಿ, ಚಾಂದನಿಯ
ಮದಾರ್ ಸಾಬ್