ಪುರಾವೆಯಿಲ್ಲ ಎಂಬ ವಾಕ್ಯ

ಅಪ್ಪಾ,

ನಿನಗೆ ಸಿಗದೆ ಹೋದ ಹೃದಯದ ಮಾತ್ರೆಯ ಕಡತ, ನೀನು ಹೋದ ಐದನೇ ವರ್ಷಕ್ಕೆ, ಇವತ್ತು ಮತ್ತೆ ನಮ್ಮ ಔಷಧ ಸಮಿತಿಗೆ ಬಂತು. ಎಪ್ಪತ್ತು ದಾಟಿದವರಿಗೂ ಸರ್ಕಾರ ಅದನ್ನು ಕೊಡಬೇಕೇ ಎಂಬ ಪ್ರಶ್ನೆ. 'ಈ ವಯಸ್ಸಿನವರಲ್ಲಿ ಪ್ರಯೋಜನಕ್ಕೆ ಪುರಾವೆಯಿಲ್ಲ' ಎಂದು ಹಿಂದೆ ಬರೆದವಳು ನಾನೇ. ಸುಳ್ಳೇನಲ್ಲ. ಆ ವಯಸ್ಸಿನವರನ್ನು ಯಾರೂ ಸಂಶೋಧನೆಗೆ ಸೇರಿಸಿಕೊಂಡೇ ಇರಲಿಲ್ಲ.

"ಪಕ್ಕದ ದೇಶದಲ್ಲೂ ಕೊಡಲ್ಲ, ನೋಡಿ," ಎಂದರು ಅಧ್ಯಕ್ಷರು. ಆ ದೇಶದ ವರದಿ ತೆರೆದೆ. ಕಾರಣವೆಂದು ನನ್ನದೇ ವಾಕ್ಯವಿತ್ತು, ಅಡಿಟಿಪ್ಪಣಿಯಲ್ಲಿ ನಮ್ಮದೇ ಸಮಿತಿಯ ಹೆಸರು. ವರದಿಯನ್ನು ಅಧ್ಯಕ್ಷರ ಕಡೆ ತಿರುಗಿಸಿದೆ.

"ಸಾರ್, ಅವರು ನಮ್ಮನ್ನ ನೋಡಿ ಬರೆದಿದಾರೆ. ಈಗ ನಾವು ಅವರನ್ನ ನೋಡಿ ಬರೀತಿದೀವಿ."

"ಎರಡು ದೇಶದೋರೂ ಒಂದೇ ಮಾತು ಹೇಳ್ತಿದಾರೆ ಅಂತಾಯ್ತಲ್ಲ, ಇನ್ನೇನು ಬೇಕು?" ಎಂದು ನಕ್ಕರು. ಎಲ್ಲರೂ ಸಹಿ ಹಾಕಿದರು. ನಾನೂ ಹಾಕಿದೆ.

ಆ ಮಾತ್ರೆಗೆಂದು ನೀನು ಹಾಕಿದ್ದ ಅರ್ಜಿ ತಿರಸ್ಕರಿಸಿ ಅಂದು ಬಂದ ಪತ್ರದಲ್ಲೂ ಇದ್ದದ್ದು ಅದೇ ವಾಕ್ಯ. ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು ನೀನು, ಊಟಕ್ಕೆ ಕೂತವನು ಕೆಂಪು ಪೆನ್ನು ತರಿಸಿಕೊಂಡು ಅದನ್ನು ಎರಡು ಸಲ ಓದಿದೆ.

"ಯಾರೋ ಚೆನ್ನಾಗಿ ಬರೆದಿದಾರೆ ಕಣಮ್ಮ. ಒಂದಕ್ಷರ ತೆಗೆಯೋ ಹಾಗಿಲ್ಲ," ಎಂದು ನೀನು ಪೆನ್ನಿಗೆ ಮುಚ್ಚಳ ಹಾಕಿದೆ.

ನಾನು ನಿನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.