ಎತ್ತಿಕೊಡುವವರಿಲ್ಲದ ಹಾಡುಗಳು

ಮೋಪಿಲಂಕ, ಕೃಷ್ಣಾ ಜಿಲ್ಲೆ
3 ಜನವರಿ 1989

ಪ್ರೀತಿಯ ತಮ್ಮ ಶೇಷಾಚಲಂಗೆ,

ಗಂಟಲಿನ ಗಾಯ ಮಾಗಿತೇ? ಈಗ ಗಂಜಿಯ ಬದಲು ಮೆತ್ತಗೆ ಕಲಸಿದ ಅನ್ನ ನುಂಗುತ್ತೀಯೆಂದು ನಿನ್ನ ಹೆಂಡತಿ ರಾಜ್ಯಲಕ್ಷ್ಮಿ ಬರೆದಿದ್ದಾಳೆ. ಹೇಳಬೇಕಾದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆಯುತ್ತೀಯಂತೆ, ಹೆಚ್ಚಾಗಿ ಅವಳ ಸಾರಿಗೆ ಉಪ್ಪು ಸಾಲದೆಂದೇ ಬರೆಯುತ್ತೀಯಂತೆ. ಓದಿ ನಕ್ಕೆ. ಧ್ವನಿಪೆಟ್ಟಿಗೆಯನ್ನೇ ತೆಗೆದ ಮೇಲೆ ಇನ್ನು ಸ್ವರ ಬರುವುದಿಲ್ಲವೆಂದು ಡಾಕ್ಟರು ಹೇಳಿದ ಸಾಲನ್ನು ಮಾತ್ರ ಎರಡನೆಯ ಸಲ ಓದಲಿಲ್ಲ. ಖರಗ್‌ಪುರದಲ್ಲಿ ಚಳಿ ಜೋರಂತೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೋ.

ಈ ಸಲ ಧನುರ್ಮಾಸ ನೀನಿಲ್ಲದೆ ಬಂತು. ರೈಲ್ವೆಗೆ ಸೇರಿದ ಮೇಲೂ ರಜೆ ಹಾಕಿ ಬಂದು, ನಮ್ಮ ಮನೆತನದ ಮೂಲಪುರುಷ ದಾಸು ತಾತ ಕಟ್ಟಿದ ಹಾಡುಗಳನ್ನು ಒಂದು ವರ್ಷವೂ ತಪ್ಪಿಸದೆ ಊರ ಬೀದಿಯಲ್ಲಿ ನಡೆಸಿದವನು ನೀನು. ಮುಂದೆ ನೀನು ಸಾಲು ಎತ್ತಿಕೊಡುತ್ತಿದ್ದೆ, ಹಿಂದೆ ನಾವು ತಾಳ ತಟ್ಟುತ್ತ ಅದನ್ನೇ ಹೇಳುತ್ತಿದ್ದೆವು. ಮೊದಲ ದಿನ ಬೆಳಿಗ್ಗೆ ಹನ್ನೊಂದು ಜನ ಸ್ನಾನ ಮಾಡಿ ಗುಡಿಯ ಮುಂದೆ ಸೇರಿದೆವು. ಸೇರಿ, ಸಾಲು ಎತ್ತುವವರು ಯಾರೆಂದು ಒಬ್ಬರ ಮುಖ ಒಬ್ಬರು ನೋಡಿದೆವು. ಅರ್ಚಕರು, "ಏನ್ರಮ್ಮಾ, ಇಷ್ಟು ವರ್ಷ ಹಾಡಿದ್ದೀರಿ, ಒಬ್ಬರಿಗಾದರೂ ಬಾಯಿಗೆ ಬರಲ್ವಾ?" ಎಂದರು. ಪಕ್ಕದ ಮನೆಯ ಅಚ್ಚಮ್ಮತ್ತೆ ಬಿಡುವವಳೇ! "ಬಂಡಿ ನೆರಳಲ್ಲಿ ನಡೆದ ನಾಯಿಗೆ ದಾರಿ ಗೊತ್ತಿರುತ್ತೇನು ಸ್ವಾಮೀ?" ಎಂದಳು. ಕೊನೆಗೆ ಗೋವಿಂದ ಗೋವಿಂದ ಎನ್ನುತ್ತ ಬೀದಿ ಸುತ್ತಿ ಬಂದೆವು. ಬಾಗಿಲಲ್ಲಿ ರಂಗೋಲಿ ಇಡುತ್ತಿದ್ದವರು ತಲೆ ಎತ್ತಲಿಲ್ಲ.

ನಾನು ಹನ್ನೊಂದು ವರ್ಷದವಳಿದ್ದಾಗ ಒಮ್ಮೆ ಉತ್ಸಾಹ ತಡೆಯದೆ ನಾನೇ ಸಾಲು ಎತ್ತಿದ್ದೆ. ಅಪ್ಪ ತಾಳ ನಿಲ್ಲಿಸಿ, "ಹೆಣ್ಣು ಎತ್ತಿದ ಹಾಡು ಅತ್ತೆಮನೆಗೆ ಹೋಗುತ್ತೆ ಕಣೇ ಅಲಿವೇಲು. ನೀನು ಹಿಂದೆ ಹೇಳು, ಸಾಕು" ಎಂದಿದ್ದರು. ಅತ್ತೆಮನೆಯಿಂದ ನಾನು ನಾಲ್ಕೇ ವರ್ಷಕ್ಕೆ ಕುಂಕುಮವಿಲ್ಲದೆ ತಿರುಗಿ ಬಂದೆ. ಆ ಕಟ್ಟಳೆಯನ್ನು ತೆಗೆಯಬೇಕೆಂದು ಆಗ ಯಾರಿಗೂ ತೋಚಲಿಲ್ಲ, ಅಪ್ಪನಿಗೂ, ನಿನಗೂ. ನಾನೂ ಕೇಳಲಿಲ್ಲ. ಹಿಂದೆ ಹೇಳುವುದು ಸುಖವಾಗಿತ್ತು.

ತಾತ ಹುಟ್ಟಿದ ಮುನ್ನೂರನೆಯ ವರ್ಷವೆಂದು ಆ ಸಂಗೀತ ಶಾಲೆಗಳ ಟ್ರಸ್ಟಿನವರು ಟೇಪು ಯಂತ್ರ ಹೊತ್ತು ಬಂದಿದ್ದರು. ಎರಡು ವರ್ಷದ ಹಿಂದೆ ನಿನ್ನನ್ನು ಕೇಳಿದಾಗ ಮುಂದಿನ ವರ್ಷ ನೋಡೋಣ ಎಂದಿದ್ದೆಯಲ್ಲ, ಅವರೇ. ಜೊತೆಗೆ ಸಂಗೀತ ಕಲಿಸುವ ಭಾರ್ಗವಿ ಎಂಬ ಹುಡುಗಿ. "ಸಾಹಿತ್ಯ ತಾಳೆಗರಿಯಲ್ಲಿದೆ ದೊಡ್ಡಮ್ಮಾ, ಧಾಟಿ ಎಲ್ಲೂ ಬರೆದಿಲ್ಲ. ನೀವೂ ಹಾಡದಿದ್ದರೆ ಮುಗೀತು" ಎಂದಳು. ನಡುಮನೆಯಲ್ಲಿ ಎರಡು ದಿನ ಕೂತು ತಾತನ ಮೂವತ್ತಾರು ಹಾಡುಗಳನ್ನೂ ಹಾಡಿಕೊಟ್ಟೆ. ಮೂರನೆಯ ಹಾಡಿಗೆ ಆ ಹುಡುಗಿ ಕಣ್ಣೊರೆಸಿಕೊಂಡಳು. ಅವರೆಕಾಯಿ ಸುಲಿಯುತ್ತಿದ್ದ ಅಚ್ಚಮ್ಮತ್ತೆ ಎರಡನೆಯ ದಿನ ಮಧ್ಯಾಹ್ನ, "ನಿಮ್ಮ ತಾತನಿಗೆ ಬರ್ತಿದ್ದಿದ್ದು ಎರಡೇ ಧಾಟೀನೇನೇ?" ಎಂದಳು. ಭಾರ್ಗವಿ ನಕ್ಕು, "ಜನರ ಬಾಯಲ್ಲಿ ಉಳಿದದ್ದು ಹೀಗೇ ಸರಳವಾಗಿರುತ್ತೆ ಅಜ್ಜೀ" ಎಂದು ಪುಸ್ತಕದಲ್ಲಿ ಬರೆದುಕೊಂಡಳು. ನಾನು ಎದ್ದು ನೀರು ಕುಡಿದು ಬಂದೆ. ಇನ್ನು ಸ್ವರ ಹಾಕಿ ಅಚ್ಚು ಮಾಡಿಸುತ್ತಾರಂತೆ, ಅವರ ಶಾಲೆಗಳಲ್ಲೆಲ್ಲ ಮಕ್ಕಳಿಗೆ ಕಲಿಸುತ್ತಾರಂತೆ.

ಗೋಂಗೂರ ಉಪ್ಪಿನಕಾಯಿ ಕಳಿಸುತ್ತಿಲ್ಲ, ನಿನ್ನ ಗಂಟಲಿಗೆ ಖಾರ ಆಗದು. ರಾಜ್ಯಲಕ್ಷ್ಮಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ತಾತನ ಸ್ವಾಮಿ ನಿನ್ನನ್ನು ಇನ್ನಾದರೂ ನೋವಿಲ್ಲದೆ ಇಟ್ಟಿರಲಿ.

ನಿನ್ನ ಅಕ್ಕ,
ಅಲಿವೇಲು

ಮರೆತಿದ್ದೆ: ಇದರೊಳಗೆ ಟ್ರಸ್ಟಿನವರ ಹಾಳೆಯೊಂದಿದೆ. ಮೂವತ್ತಾರು ಧಾಟಿಗಳೂ ನಮ್ಮ ಮನೆತನದಲ್ಲಿ ತಾತನಿಂದ ನಡೆದು ಬಂದವೆಂದು ಅದರಲ್ಲಿದೆ. ಎತ್ತಿಕೊಡುವ ಹಕ್ಕು ನಿನ್ನದಾದ್ದರಿಂದ ನಿನ್ನ ರುಜು ಬೇಕಂತೆ, ಅದಿಲ್ಲದೆ ಒಂದನ್ನೂ ಅಚ್ಚು ಹಾಕುವುದಿಲ್ಲವಂತೆ. ಶೇಷೂ, ಅವುಗಳಲ್ಲಿ ಏಳೇ ನಿಜ. ಎಂಟನೆಯದಕ್ಕೆ ಬಾಯಿ ತೆರೆದೆ, ನೀನು ಎತ್ತಿಕೊಡಲೆಂದು ಕಾದೆ. ಆಮೇಲೆ ಉಳಿದವನ್ನೆಲ್ಲ ಮಂಗಳಾರತಿಯ ಧಾಟಿಗೋ ಲಾಲಿಯ ಧಾಟಿಗೋ ಹೊಂದಿಸಿ ಹಾಡಿಬಿಟ್ಟೆ. ಸರಿಯಾದದ್ದು ನಿನ್ನೊಳಗಿದೆ, ಆದರೆ ಸ್ವರ ಬರೆಯುವುದನ್ನು ಅಪ್ಪ ನಿನಗೂ ಕಲಿಸಲಿಲ್ಲ. ನೀನು ರುಜು ಹಾಕಿದರೆ ನನ್ನ ಸುಳ್ಳು ಉಳಿಯುತ್ತದೆ, ಹಾಕದಿದ್ದರೆ ಆ ಏಳೂ ಹೋಗುತ್ತವೆ. ಹಾಳೆ ಒಯ್ಯಲು ಅವರ ಮನುಷ್ಯ ಸಂಕ್ರಾಂತಿ, ಕನುಮ ಹಬ್ಬಗಳು ಮುಗಿದ ಮಾರನೆಯ ದಿನ ನಿನ್ನಲ್ಲಿಗೇ ಬರುತ್ತಾನೆ. ಅಷ್ಟರೊಳಗೆ ಈ ಕಾಗದ ನಿನಗೆ ತಲುಪದೆ ಹೋಗಲಿ ಎಂದೂ ಬೇಡಿಕೊಳ್ಳುತ್ತಿದ್ದೇನೆ.